ನೀರಿನ ಹೆಸರು ಹೇಳದ ಅತ್ತಿಗೆ

ನಮ್ಮ ಅತ್ತಿಗೆ ನಲವತ್ತೊಂದು ವರ್ಷ ನೀರು ಹೊತ್ತಿದ್ದಾಳೆ, ನೀರು ಕಾಯಿಸಿದ್ದಾಳೆ, ಗಿಡಕ್ಕೆ ನೀರು ಬಿಟ್ಟಿದ್ದಾಳೆ, ಬಾಗಿಲಿಗೆ ಬಂದವರಿಗೆಲ್ಲ ನೀರು ಕೊಟ್ಟಿದ್ದಾಳೆ. ಆದರೆ ಅಷ್ಟೂ ವರ್ಷ ಬಾಯಿಬಿಟ್ಟು ಒಂದು ಸಲವೂ ನೀರು ಅಂದವಳಲ್ಲ.

ಇದಕ್ಕೆಲ್ಲ ಕಾರಣ ನಮ್ಮಪ್ಪ. ಅಪ್ಪನ ಹೆಸರು ಮೆತ್ಸಿ. ನಮ್ಮ ಸೆಸೊಥೊ ಮಾತಿನಲ್ಲಿ ಮೆತ್ಸಿ ಅಂದರೆ ನೀರು. ಅಪ್ಪ ಹುಟ್ಟಿದ ದಿನ ಹೊಳೆ ಉಕ್ಕಿ ಸೂಲಗಿತ್ತಿ ಆಚೆ ದಡದಲ್ಲೇ ಉಳಿದುಬಿಟ್ಟಳಂತೆ. ನಮ್ಮಜ್ಜಿ ಒಬ್ಬಳೇ ಹೆತ್ತು, ಆ ಸಿಟ್ಟಿಗೆ ಮಗನಿಗೆ ನೀರು ಅಂತಲೇ ಹೆಸರಿಟ್ಟಳು. ಅವಳ ಸಿಟ್ಟು ಅವಳದು, ಅನುಭವಿಸಿದವಳು ನಮ್ಮತ್ತಿಗೆ. ಯಾಕೆಂದರೆ ನಮ್ಮಲ್ಲಿ ಸೊಸೆಯಾದವಳು ಮಾವನ ಹೆಸರು ಎತ್ತುವ ಹಾಗಿಲ್ಲ. ಆ ಹೆಸರಿನ ಶಬ್ದ ಮಾತಿನಲ್ಲಿ ಎಲ್ಲಿ ಬಂದರೂ ಸುತ್ತು ಹಾಕಿಕೊಂಡು ಹೋಗಬೇಕು. ಪಕ್ಕದ ಮನೆಯ ಸೊಸೆಗೆ ನೋಡಿ, ಅವಳ ಮಾವನ ಹೆಸರು ತೌ, ಅಂದರೆ ಸಿಂಹ. ನಮ್ಮ ಹಾ ಮೊತ್ಲೊಮೆಲೊ ಊರಿನ ಬೆಟ್ಟದಲ್ಲಿ ಸಿಂಹ ಎಲ್ಲಿಂದ ಬರಬೇಕು? ಸಾಯುವವರೆಗೂ ಸಿಂಹದ ಸುದ್ದಿ ಎತ್ತದೆ ಅವಳು ಆರಾಮಾಗಿ ಇರಬಹುದು. ನಮ್ಮತ್ತಿಗೆಯ ಪಾಲಿಗೆ ಬಂದಿದ್ದು ನೀರು.

ಹಾಗಾಗಿ ಅವಳು ನೀರಿಗೆ 'ಕುಡಿಯೋದು' ಅಂತ ಹೆಸರಿಟ್ಟಳು. "ಸೆಬೊ, ಬಕೆಟ್ಟಲ್ಲಿ ಕುಡಿಯೋದು ಮುಗಿದಿದೆ ನೋಡು." "ಒಳಗೆ ಬರೋಕೆ ಮುಂಚೆ ಕುಡಿಯೋದ್ರಲ್ಲಿ ಕಾಲು ತೊಳ್ಕೊಳ್ರೋ." ಇಂಥ ಮಾತು ಕೇಳಿ ಕೇಳಿ ನನ್ನ ಕಿವಿ ಸವೆದುಹೋಗಿದೆ. ಹೊಸಬರು ಮನೆಗೆ ಬಂದು, "ಬಿಸಿಲಲ್ಲಿ ಬಂದಿದೀರ, ಕುಡಿಯೋದು ತರ್ಲಾ?" ಅಂತ ಅವಳು ಕೇಳಿದಾಗ ಅವರ ಮುಖ ಅರಳುವುದನ್ನು ನೋಡಬೇಕು. ಜೋಳದ ಬಿಯರು ಬರುತ್ತೆ ಅಂದುಕೊಂಡು ಕಾಲು ಚಾಚಿ ಕೂರುತ್ತಾರೆ. ಬರುವುದು ಒಂದು ಚೊಂಬು ತಣ್ಣೀರು.

ಅಷ್ಟಕ್ಕೇ ಮುಗಿಯಲಿಲ್ಲ ಅವಳ ಪಾಡು. ಮದುವೆಯ ದಿನ ಸೊಸೆಗೆ ಹೊಸ ಹೆಸರು ಕೊಡುತ್ತೇವೆ ನಾವು. ಹುಟ್ಟಬೇಕಾದ ಮೊದಲ ಮಗುವಿಗೆ ಮುಂಚೆಯೇ ಹೆಸರು ಗೊತ್ತುಮಾಡಿ, ಸೊಸೆಯನ್ನು ಅದರ ತಾಯಿ ಅಂತ ಕರೆಯುವುದು. ಮೊದಲ ಮೊಮ್ಮಗನಿಗೆ ಅಜ್ಜನ ಹೆಸರೇ ಬರಬೇಕು. ಆದ್ದರಿಂದ ನಮ್ಮತ್ತಿಗೆ ಹದಿನೇಳನೇ ವಯಸ್ಸಿಗೆ ಮಾಮೆತ್ಸಿ ಆದಳು. ಮೆತ್ಸಿಯ ತಾಯಿ. ಅವಳ ಹೆಸರನ್ನು ಅವಳೇ ಹೇಳುವ ಹಾಗಿಲ್ಲ! ಎರಡು ವರ್ಷಕ್ಕೆ ಗಂಡುಮಗು ಹುಟ್ಟಿತು, ಅಪ್ಪನ ಹೆಸರಿಟ್ಟೆವು, ಇವಳು ಅವನನ್ನು ಇವತ್ತಿನವರೆಗೂ 'ದೊಡ್ಡೋನೇ' ಅಂತಲೇ ಕರೆಯುತ್ತಾಳೆ. ಅವನೀಗ ಪಕ್ಕದ ಜಿಲ್ಲೆಯಲ್ಲಿ ಮೇಷ್ಟ್ರು, ಗಡ್ಡ ಬೆಳ್ಳಗಾಗುತ್ತಿದೆ. ಆಸ್ಪತ್ರೆಗೆ ಹೋದರೆ ನರ್ಸು "ಹೆಸರೇನಮ್ಮಾ?" ಅಂತ ಕೇಳುತ್ತಾಳೆ, ಇವಳು "ಇವಳನ್ನ ಕೇಳಿ" ಅಂತ ನನ್ನ ಕಡೆ ಬೆರಳು ತೋರಿಸುತ್ತಾಳೆ. ಹಲ್ಲುನೋವಿಗೂ ಅವಳ ಜೊತೆ ನಾನು ಹೋಗಬೇಕು.

ನನ್ನ ಹೆಸರು ಸೆಬೊಲೆಲೊ. ಅದಕ್ಕೂ ಒಂದು ಅರ್ಥವಿದೆ, ಮಾತು ಅಂತ. ನನಗೆ ಆ ಹೆಸರು ಹೇಳಿ ಮಾಡಿಸಿದ ಹಾಗಿದೆ ಅಂತ ಊರೆಲ್ಲ ಆಡಿಕೊಳ್ಳುತ್ತೆ, ಆಡಿಕೊಳ್ಳಲಿ. ಗಂಡ ತೀರಿಕೊಂಡ ಮೇಲೆ ನಾನು ತವರಿಗೆ ಬಂದೆ. ಆಮೇಲೆ ಗಣಿಯಲ್ಲಿ ದುಡಿದು ದುಡಿದು ಎದೆ ಕೆಟ್ಟು ನಮ್ಮಣ್ಣನೂ ಹೋದ. ಮಕ್ಕಳು ಅವರವರ ದಾರಿ ಹಿಡಿದರು. ಉಳಿದವರು ನಾವಿಬ್ಬರು. ಬೆಳಿಗ್ಗೆ ಎದ್ದರೆ ಅವಳನ್ನು ರೇಗಿಸುವುದೇ ನನಗೆ ಹಲ್ಲುಜ್ಜಿದ ಹಾಗೆ. "ಬಿಡೇ ಅತ್ತಿಗೆ ಈ ಹಾಳು ಪದ್ಧತಿ. ಈಗಿನ ಸೊಸೆಯರು ಮಾವನ ಹೆಸರು ಹಿಡಿದು ಕೂಗಿ ಫೋನ್ ಚಾರ್ಜರ್ ಕೇಳ್ತಾರೆ," ಅಂತ ಅದೆಷ್ಟು ಸಲ ಅಂದಿದ್ದೇನೋ. ಅವಳು ನಗುತ್ತಾಳೆ. ಅವಳಿಗೆ ಸಿಟ್ಟು ಬರುವುದಿಲ್ಲ, ನನಗೆ ಅದೇ ಸಿಟ್ಟು.

ನಾವು ಬೆಳೆಯುವುದು ಮುಸುಕಿನ ಜೋಳ, ಕುಂಬಳ, ಗಾಂಜಾ. ಮೊದಲೆರಡು ನಮ್ಮ ಹೊಟ್ಟೆಗೆ. ಮಕ್ಕಳ ಶಾಲೆ, ಶೂ, ಚಳಿಗಾಲದ ಕಂಬಳಿ ಎಲ್ಲ ಬಂದಿದ್ದು ಮೂರನೆಯದರಿಂದ. ನಮ್ಮ ಅಜ್ಜಂದಿರ ಕಾಲದಿಂದ ಇರುವ ಗಿಡ ಅದು. ಕೆಮ್ಮಿಗೆ ಕಷಾಯ ಕಾಸುತ್ತಿದ್ದೆವು, ಕುದುರೆಗೆ ಹೊಟ್ಟೆನೋವಾದರೆ ಅರೆದು ಕುಡಿಸುತ್ತಿದ್ದೆವು. ಆದರೆ ಬೆಳೆಯುವುದು ಜೋಳದ ಸಾಲಿನ ಮರೆಯಲ್ಲಿ. ಪೊಲೀಸರು ಬಂದು ಕಿತ್ತು ಸುಟ್ಟುಹೋದ ವರ್ಷಗಳೂ ಇವೆ. ಕೊಳ್ಳುವವರು ಕತ್ತಲಾದ ಮೇಲೆ ಕತ್ತೆ ಹೊಡೆದುಕೊಂಡು ಗಡಿಯಾಚೆಯಿಂದ ಬರುತ್ತಿದ್ದರು, ನಾವು ದನದ ಕೊಟ್ಟಿಗೆಯ ಹಿಂದಿನಿಂದ ಚೀಲ ದಾಟಿಸುತ್ತಿದ್ದೆವು. ವರ್ಷವೆಲ್ಲ ಬೆನ್ನು ಬಗ್ಗಿಸಿ ಬೆಳೆದ ಬೆಳೆಯನ್ನು ಕದ್ದ ಮಾಲಿನ ಹಾಗೆ ಕೊಡುವುದು ಅಂದರೆ ಅತ್ತಿಗೆಗೆ ಹೊಟ್ಟೆ ಉರಿಯುತ್ತಿತ್ತು.

"ಸೆಬೊ, ಒಂದ್ಸಲ, ಒಂದೇ ಒಂದ್ಸಲ ಇದನ್ನ ಹಗಲಲ್ಲಿ ಮಾರ್ಬೇಕು ಕಣೆ," ಅನ್ನುತ್ತಿದ್ದಳು. "ನಾನೇ ಬೆಳೆದಿದ್ದು ಅಂತ ಹೇಳಿ ಮಾರ್ಬೇಕು. ಆಮೇಲೆ ಸತ್ತರೂ ಪರವಾಗಿಲ್ಲ."

"ಸಾಯೋ ಮಾತು ಆಮೇಲೆ. ಮೊದ್ಲು ನಿನ್ ಹೆಸರು ಹೇಳೋದು ಕಲಿ," ಅನ್ನುತ್ತಿದ್ದೆ ನಾನು. ಆಗ ಅದು ಬರೀ ತಮಾಷೆ.

ಹೋದ ವರ್ಷ ಕಾಲ ತಿರುಗಿತು. ಕೆಳಗಿನ ಕಣಿವೆಯಲ್ಲಿ ಗಾಜಿನ ಮನೆ ಕಟ್ಟಿ ಔಷಧಿಗೆ ಗಾಂಜಾ ಬೆಳೆಯುವ ಕಂಪನಿಯವರು, ಬೆಟ್ಟದವರಿಂದಲೂ ಕೊಳ್ಳುತ್ತೇವೆ, ಲೈಸೆನ್ಸು ನಾವೇ ಮಾಡಿಸಿಕೊಡುತ್ತೇವೆ ಅಂತ ಬಂದರು. ಅವರದು ಒಂದು ಹಟ. ಗಿಡಕ್ಕೆ ಒರತೆಯ ನೀರೇ ಆಗಬೇಕು, ಹೊಳೆಯದು ಕೂಡದು. ಅದೇನೂ ಅವರ ದುರಹಂಕಾರವಲ್ಲ. ಮೇಲೂರಿನಲ್ಲಿ ಕುರಿಗಳನ್ನು ಔಷಧಿಯಲ್ಲಿ ಅದ್ದಿ ತೆಗೆಯುವ ತೊಟ್ಟಿ ಇದೆ, ಅದು ಹರಿಯುವುದು ಹೊಳೆಗೇ. ಆ ನೀರು ಗಿಡಕ್ಕೆ ಬಿಟ್ಟರೆ ಹುಳ ಕೊಲ್ಲುವ ವಿಷ ಎಲೆಗೆ ಬರುತ್ತೆ, ಎಲೆಯಿಂದ ರೋಗಿಯ ಹೊಟ್ಟೆಗೆ ಹೋಗುತ್ತೆ.

ನಮ್ಮ ಹೊಲದ ಮೇಲೆ ಒಂದು ಒರತೆ ಇದೆ. ಬಂಡೆಯ ಸಂದಿಯಿಂದ ತೋಳಿನಷ್ಟು ದಪ್ಪ ಬರುತ್ತೆ, ಯಾವ ಬೇಸಿಗೆಯಲ್ಲೂ ನಿಂತಿಲ್ಲ. ಅದರ ಮಣ್ಣು ತೆಗೆದು ಕಲ್ಲು ಕಟ್ಟಿ ತೋಡು ತಿದ್ದಿದ್ದು ನಮ್ಮಪ್ಪ. ಅದಕ್ಕೆ ಮೆತ್ಸಿಯ ಒರತೆ ಅಂತಲೇ ಹೆಸರು. ಅತ್ತಿಗೆಯ ಗಿಡಗಳೆಲ್ಲ ಬೆಳೆದಿರುವುದು ಆ ನೀರಿನಲ್ಲಿ. ಅವಳು ನೀರು ಬಿಡುವುದನ್ನು ನೀವು ನೋಡಬೇಕು. ಒರತೆಯ ನೀರು ಮೂಳೆ ಕೊರೆಯುವಷ್ಟು ತಣ್ಣಗಿರುತ್ತೆ, ಅದನ್ನೇ ತಂದು ಸುರಿದರೆ ಬೇರಿಗೆ ಚಳಿ ಹಿಡಿದು ಗಿಡ ವಾರಗಟ್ಟಲೆ ಮಂಕಾಗುತ್ತೆ. ಅದಕ್ಕೆ ಬೆಳಿಗ್ಗೆ ತೋಡಿನಿಂದ ಕಪ್ಪು ಡ್ರಮ್ಮಿಗೆ ತುಂಬಿಸಿ ಬಿಸಿಲಿಗೆ ಬಿಡುತ್ತಾಳೆ. ಹೊತ್ತು ಇಳಿದ ಮೇಲೆ, ಮಗುವಿಗೆ ಎರೆಯುವ ನೀರು ನೋಡುವ ಹಾಗೆ, ಡ್ರಮ್ಮಿಗೆ ಮೊಣಕೈ ಅದ್ದುತ್ತಾಳೆ. ಗಿಡದ ಬುಡದಲ್ಲಿ ಬೆರಳು ಚುಚ್ಚುತ್ತಾಳೆ. ಎರಡು ಗೆಣ್ಣಿನ ಆಳಕ್ಕೂ ಮಣ್ಣು ಒಣಗಿದ್ದರೆ ಮಾತ್ರ ಚೊಂಬು ಬಗ್ಗಿಸುತ್ತಾಳೆ, ಅದೂ ಬುಡದ ಸುತ್ತ, ಎಲೆಗೆ ತಾಕದ ಹಾಗೆ. ಇದನ್ನೇ ಕಂಪನಿಯವರು ಆಮೇಲೆ ಪುಸ್ತಕ ಹಿಡಿದುಕೊಂಡು ಬಂದು ನಮಗೆ ಪಾಠ ಮಾಡಿದರು. ಅತ್ತಿಗೆ ಏನೂ ಗೊತ್ತಿಲ್ಲದವಳ ಹಾಗೆ ಕೂತು ಕೇಳಿದಳು. ನಾನು ಆಕಳಿಸಿದೆ.

ಕಂಪನಿಯ ಕಡೆಯಿಂದ ಊರೂರು ತಿರುಗುವ ಹುಡುಗಿ ಕೆನೆವೆ. ಮಸೇರು ಪಟ್ಟಣದಲ್ಲಿ ಹುಟ್ಟಿ ಬೆಳೆದವಳು, ಕಿವಿಗೆ ದೊಡ್ಡ ಬಳೆಯಂಥ ಓಲೆ, ಕಾಲಿಗೆ ಕೆಸರು ಕಂಡರೆ ನೆಗೆಯುವ ಬೂಟು. ಮೊದಲ ಸಲ ಬಂದಾಗ ಹೊಲದ ಬದುವಿನಲ್ಲಿ ನಿಂತು ಫಾರಂ ತೆಗೆದು, ಅತ್ತಿಗೆಯನ್ನು ಮ್ಮೆ, ಅಂದರೆ ಅಮ್ಮ, ಅಂತ ಕರೆದು ಕೇಳಿದಳು.

"ಮ್ಮೆ, ಗಿಡಕ್ಕೆ ಏನೇನು ಹಾಕ್ತೀರಿ?"

"ಕುರಿಗೊಬ್ಬರ. ಬೂದಿ. ಮತ್ತೆ ದಿನಾ ಸಾಯಂಕಾಲ ಕುಡಿಯೋದು," ಅಂದಳು ಅತ್ತಿಗೆ.

ಕೆನೆವೆಯ ಪೆನ್ನು ನಿಂತಿತು. "ಗಿಡಕ್ಕಾ?"

"ಹೂಂ ಮತ್ತೆ. ಕುಡಿಯೋದು ಇಲ್ದೆ ಯಾವ ಗಿಡ ಬದುಕುತ್ತೆ? ನಾನು ನನ್ನ ಮಕ್ಕಳಿಗೂ ಅದನ್ನೇ ಕೊಟ್ಟು ಬೆಳೆಸಿದ್ದು."

ಪಾಪದ ಹುಡುಗಿ, ತನಗೆ ತಿಳಿದ ಹಾಗೆ ಬರೆದುಕೊಂಡಳು. ಬೆಳೆಗಾರ್ತಿ ಗಿಡಗಳಿಗೆ ದಿನಾ ಬಿಯರು ಸುರಿಯುತ್ತಾಳೆ ಅಂತ. ನಾನು ಅವಳ ಹೆಗಲ ಮೇಲಿಂದ ಇಣುಕಿ ಓದಿ, ಹೊಟ್ಟೆ ಹಿಡಿದುಕೊಂಡು ಬದುವಿನ ಮೇಲೇ ಕೂತುಬಿಟ್ಟೆ. ಆಮೇಲೆ ಎಲ್ಲ ಬಿಡಿಸಿ ಹೇಳಿದೆ. ಕೆನೆವೆ ನಾಲಿಗೆ ಕಚ್ಚಿಕೊಂಡು, "ನಮ್ಮಜ್ಜಿನೂ ಹೀಗೇ ಮಾಡ್ತಿದ್ರು, ನಂಗೆ ಹೊಳೀಲೇ ಇಲ್ಲ," ಅಂದು ಹೊಡೆದುಹಾಕಿ ಬರೆದಳು. ಒರತೆಯಲ್ಲಿ ಕಾಗದದ ಪಟ್ಟಿ ಅದ್ದಿ ಬಣ್ಣ ನೋಡಿದಳು, ಬಾಟಲಿಯಲ್ಲಿ ತುಂಬಿಕೊಂಡು ಹೋದಳು. ತಿಂಗಳೊಳಗೆ ಕಾಗದ ಬಂತು. ಮೆತ್ಸಿಯ ಒರತೆಯ ನೀರು ಚೊಕ್ಕವಾಗಿದೆ ಅಂತ. ಲೈಸೆನ್ಸೂ ಬಂತು, ಮನೆತನದ ಹೆಸರು ಸೇರಿಸಿ ಮಾಮೆತ್ಸಿ ಮೊತ್ಲೊಮೆಲೊ ಅನ್ನುವ ಹೆಸರಿನಲ್ಲಿ. ಅತ್ತಿಗೆ ಆ ಕಾಗದವನ್ನು ಕಂಬಳಿ ಪೆಟ್ಟಿಗೆಯಲ್ಲಿ ಇಟ್ಟು, ದಿನಕ್ಕೆ ಎರಡು ಸಲ ತೆಗೆದು ನೋಡಿದಳು.

ಬೆಳೆ ಎದೆಯುದ್ದ ಬಂತು. ಜೋಳದ ಮರೆಯಿಲ್ಲದೆ, ಬಯಲಿನಲ್ಲಿ, ಮೆಟ್ಟಿಲು ಮೆಟ್ಟಿಲಾಗಿ ಎರಡು ಪಟ್ಟಿ ತುಂಬ. ಹೂವಲ್ಲಿ ಬೀಜ ಕಟ್ಟದ ಹಾಗೆ ಗಂಡು ಗಿಡ ಹುಡುಕಿ ಕೀಳುವುದು, ನೀರು, ಕಳೆ ಅಂತ ಅತ್ತಿಗೆ ಮನೆಗೆ ಬರುವುದು ಊಟಕ್ಕೆ ಮಾತ್ರ. ಹಾಡಿಕೊಂಡೇ ಬರುತ್ತಿದ್ದಳು. ಅವಳ ಕಂಠ ಚೆನ್ನಾಗಿಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಹೂ ಕಟ್ಟುವ ಹೊತ್ತಿಗೆ ಕೆನೆವೆ ಮತ್ತೆ ಬಂದಳು, ಕೈಯಲ್ಲಿ ಫೋನು ಮತ್ತೊಂದು ಹೊಸ ನಿಯಮ. ಬೇರೆ ಊರಿನಲ್ಲಿ ಯಾರೋ ಒರತೆ ನೀರು ಅಂತ ಬರೆಸಿ ಹೊಳೆ ನೀರು ಬಿಟ್ಟಿದ್ದರಂತೆ, ಮಾಲು ವಾಪಸ್ ಬಂತಂತೆ. ಅದಕ್ಕೆ ಇನ್ನು ಮೇಲೆ ಪ್ರತಿಯೊಬ್ಬರೂ ತಮ್ಮ ಒರತೆಯ ಹತ್ತಿರ ನಿಂತು, ಸ್ವಂತ ಬಾಯಿಂದ, ಹೆಸರು ಹೇಳಿ, ಯಾವ ನೀರು ಬಿಡುತ್ತೇವೆ ಅಂತ ಹೇಳುವುದನ್ನು ವಿಡಿಯೊ ಮಾಡಬೇಕು. ಕೊಳ್ಳುವ ದೇಶದವರು ಅದನ್ನು ನೋಡುತ್ತಾರೆ. ವಿಡಿಯೊ ಇಲ್ಲದ ಹೊಲ ಪಟ್ಟಿಯಿಂದ ಹೊರಗೆ. ಪಟ್ಟಿ ಮುಚ್ಚುವುದು ಮಾರನೇ ದಿನ.

"ಏನೂ ಕಷ್ಟ ಇಲ್ಲ ಮ್ಮೆ," ಅಂದಳು ಕೆನೆವೆ. "ಒಂದೇ ಸಾಲು. 'ನಾನು ಮಾಮೆತ್ಸಿ, ನನ್ನ ಗಿಡಗಳಿಗೆ ಮೆತ್ಸಿಯ ಒರತೆಯ ಮೆತ್ಸಿ ಬಿಡ್ತೀನಿ.' ಅಷ್ಟೇ."

ನಾನು ಬೆರಳು ಮಡಚಿ ಎಣಿಸಿದೆ. ಒಂದು ಸಾಲಿನಲ್ಲಿ ಮೂರು ಸಲ ನಮ್ಮಪ್ಪ.

ಕೆನೆವೆಗೂ ಆಗ ಹೊಳೆಯಿತು. "ಅಯ್ಯೋ," ಅಂದಳು. "ತವರಿನ ಹೆಸರು ಹೇಳಿದ್ರೆ?" ಅಂತ ನಾನೇ ಕೇಳಿದೆ. ಲೈಸೆನ್ಸಿನಲ್ಲಿ ಆ ಹೆಸರಿಲ್ಲ. "ಬರೆದು ತೋರಿಸಿದ್ರೆ?" ಬಾಯಿಂದಲೇ ಹೇಳಬೇಕಂತೆ. "ನಾನು ಹೇಳ್ತೀನಿ, ನಮ್ಮಪ್ಪನ ಹೆಸರು, ನನಗೇನು ಅಡ್ಡಿ?" ಗಿಡ ಬೆಳೆದವರು ನೀವಲ್ಲವಲ್ಲ ಮ್ಮೆ, ಅಂದಳು ಕೆನೆವೆ. ನನಗೆ ಮೈಯೆಲ್ಲ ಉರಿಯಿತು. ಆ ಹುಡುಗಿಯನ್ನು ಬೈದೆ, ಕೊಳ್ಳುವ ದೇಶದವರನ್ನು ಬೈದೆ, ನಮ್ಮಜ್ಜಿಯನ್ನೂ ಬಿಡಲಿಲ್ಲ. ಕೆನೆವೆ ತಲೆ ತಗ್ಗಿಸಿ ಕೇಳಿಸಿಕೊಂಡು, "ಮೂರು ಗಂಟೆವರೆಗೂ ಇರ್ತೀನಿ. ಆಮೇಲೆ ಮಳೆ ಬಂದ್ರೆ ಹೊಳೆ ದಾಟೋಕಾಗಲ್ಲ," ಅಂದಳು.

ಆಗ ನನಗೊಂದು ಉಪಾಯ ಹೊಳೆಯಿತು. ಅತ್ತಿಗೆಯನ್ನು ಒರತೆಯ ಮುಂದೆ ನಿಲ್ಲಿಸಿದೆ, ನಾನು ಬಂಡೆಯ ಹಿಂದೆ ಕೂತೆ. ಅವಳು ಬಾಯಿ ಆಡಿಸುವುದು, ಮಾತು ನನ್ನದು. ಕೆನೆವೆ ಬೇಡ ಬೇಡ ಅಂದರೂ ಫೋನು ಹಿಡಿದಳು. ನಾನು ದನಿ ತೆಳ್ಳಗೆ ಮಾಡಿಕೊಂಡು "ನಾನು ಮಾಮೆತ್ಸಿ" ಅಂದೆ. ಅತ್ತಿಗೆ ನನಗಿಂತ ಮುಂಚೆಯೇ ಬಾಯಿ ಮುಚ್ಚಿದ್ದಳು. ಎರಡನೇ ಸಲ ನಾನು ಮುಗಿಸಿದ ಮೇಲೂ ಅವಳ ಬಾಯಿ ಆಡುತ್ತಲೇ ಇತ್ತು. ಮೂರನೇ ಸಲಕ್ಕೆ ನನ್ನ ಮೂಗಿಗೆ ಏನೋ ಹೋಗಿ, "ಮೆತ್ಸಿಯ ಒರತೆಯ" ಅನ್ನುವಷ್ಟರಲ್ಲಿ ಬಂಡೆ ಅದುರುವ ಹಾಗೆ ಸೀನಿದೆ. ವಿಡಿಯೊದಲ್ಲಿ ಅತ್ತಿಗೆಯ ಮುಖ ಕದಲಿಲ್ಲ, ಸೀನು ಮಾತ್ರ ಅವಳ ಬಾಯಿಂದ ಬಂದ ಹಾಗಿತ್ತು. ಕೆನೆವೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ನಾನೂ ನಕ್ಕೆ.

ಅತ್ತಿಗೆ ನಗಲಿಲ್ಲ. "ಬೇಡ ಕಣೆ ಸೆಬೊ," ಅಂದಳು. "ಕುಡಿಯೋದು ಇಷ್ಟು ಚೊಕ್ಕವಾಗಿದೆ. ಅದ್ರ ಮುಂದೆ ನಿಂತು ಸುಳ್ಳು ಆಡೋದು ಬೇಡ. ಈ ವರ್ಷನೂ ಕತ್ತೆಯವರಿಗೇ ಕೊಡೋಣ." ಹೇಳಿ ಒರತೆಯ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಕೂತಳು. ಲೈಸೆನ್ಸಿನ ಕಾಗದ ಸೊಂಟದಲ್ಲಿ ಸಿಕ್ಕಿಸಿಕೊಂಡು ಬಂದಿದ್ದಳು, ಅದನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಮಡಿಕೆ ನೇವರಿಸತೊಡಗಿದಳು. ಕೆನೆವೆ ಮೆಲ್ಲಗೆ ಹೊಲದ ಕಡೆ ಇಳಿದುಹೋದಳು.

ನನಗೆ ತಡೆಯಲಾಗಲಿಲ್ಲ. "ಅಪ್ಪ ಸತ್ತು ಇಪ್ಪತ್ತೆರಡು ವರ್ಷ ಆಯ್ತಲ್ಲೇ. ಕೇಳಿಸ್ಕೊಳ್ಳೋಕೆ ಅವನಿದ್ದಾನಾ? ಯಾರಿಗೋಸ್ಕರ ಈ ಹಟ?"

"ಈ ಕಲ್ಲು ಯಾರು ಇಟ್ಟಿದ್ದು ಗೊತ್ತಾ ನಿಂಗೆ?" ಅಂದಳು ಅವಳು.

"ಅಪ್ಪ. ದನಕ್ಕೆ ಉಪ್ಪು ಇಡೋಕೆ."

"ಇಟ್ಟಿದ್ದು ಅವ್ರೇ. ಉಪ್ಪಿಗಲ್ಲ." ಅವಳು ಕಲ್ಲನ್ನು ಅಂಗೈಯಿಂದ ತಟ್ಟಿದಳು. "ನಾನು ಬಂದು ಹತ್ತು ದಿನ ಆಗಿತ್ತು. ನಮ್ಮ ತವರಲ್ಲಿ ಮನೆ ಬಾಗಿಲಿಗೇ ನಲ್ಲಿ, ತಲೆ ಮೇಲೆ ಹೊತ್ತು ಗೊತ್ತಿರ್ಲಿಲ್ಲ. ಇಲ್ಲಿ ಬಗ್ಗಿ ಎತ್ತೋವಾಗ ಜಾರಿಬಿದ್ದು ನಿಮ್ಮಮ್ಮನ ಮಡಕೆ ಒಡೆದೆ. ಇಲ್ಲೇ ಕೂತು ಅತ್ತೆ. ನಿಮ್ಮಪ್ಪ ಮೇಲಿನ ದಾರೀಲಿ ಕುದುರೆ ಹಿಡ್ಕೊಂಡು ನಿಂತಿದ್ರು, ನೋಡಿದ್ರು, ಏನೂ ಅನ್ನದೆ ಹೋದ್ರು. ಮನೇಲಿ ಹೇಳ್ತಾರೆ ಅಂತ ಜೀವ ಕೈಯಲ್ಲಿ ಹಿಡ್ಕೊಂಡಿದ್ದೆ. ಹೇಳ್ಲಿಲ್ಲ. ಮಾರನೇ ಬೆಳಿಗ್ಗೆ ಬಂದು ನೋಡಿದ್ರೆ ಈ ಕಲ್ಲು ಇತ್ತು. ನನ್ನ ಸೊಂಟದ ಎತ್ತರಕ್ಕೆ ಸರಿಯಾಗಿ. ತುಂಬಿದ ಮಡಕೆ ಮೊದ್ಲು ಇದರ ಮೇಲೆ ಇಟ್ಟು, ಆಮೇಲೆ ತಲೆಗೆ ಏರಿಸ್ಕೊಳ್ಳೋಕೆ. ಒಬ್ರೇ ಉರುಳಿಸಿದ್ರು ಅನ್ಸುತ್ತೆ, ವಾರಗಟ್ಟಲೆ ಕೈಗೆ ಬಟ್ಟೆ ಕಟ್ಕೊಂಡಿದ್ರು. ಮಾವನ ಹತ್ರ ಸೊಸೆ ಮಾತಾಡೋ ಹಾಗಿಲ್ಲ. ನಾನು ಏನಂತ ಹೇಳ್ಲಿ, ಹೇಗೆ ಹೇಳ್ಲಿ? ಅವ್ರ ಹೆಸರನ್ನ ಬಾಯಲ್ಲಿ ಇಟ್ಟು ಸವೆಸ್ದೇ ಇರೋದು, ಅಷ್ಟೇ ಸೆಬೊ ನಾನು ಕೊಟ್ಟಿದ್ದು."

ಆ ಕೈಗೆ ಕಟ್ಟಿದ ಬಟ್ಟೆ ನನಗೆ ನೆನಪಿದೆ. ನನಗಾಗ ಹದಿನಾಲ್ಕು. ಏನಾಯ್ತಪ್ಪಾ ಅಂದರೆ ಕತ್ತೆ ಕಚ್ಚಿತು ಅಂದಿದ್ದ. ನಾನು ಅದನ್ನು ಊರೆಲ್ಲ ಹೇಳಿಕೊಂಡು ಬಂದಿದ್ದೆ.

ನನಗೆ ನಾಚಿಕೆ ಆಯಿತು. ಇಷ್ಟು ವರ್ಷ ಇವಳನ್ನು ಅಣಕಿಸಿದ್ದೇನೆ, ನಕ್ಕಿದ್ದೇನೆ, ನಾಲ್ಕು ಜನರ ಮುಂದೆ ಅವಳ 'ಕುಡಿಯೋದು' ಅನ್ನು ಆಡಿ ತೋರಿಸಿದ್ದೇನೆ. ಹಾಗೆ ನಿಂತಿದ್ದಾಗ ಇನ್ನೊಂದು ವಿಷಯ ತಲೆಗೆ ಬಂತು. ನಮ್ಮಲ್ಲಿ ಮನೆಯ ಹೆಣ್ಣುಮಗಳು, ಮಕ್ಕಳ ಸೋದರತ್ತೆ ಅಂದರೆ ಸಾಮಾನ್ಯಳಲ್ಲ. ಮಗುವಿಗೆ ಹೆಸರಿಡುವಾಗ, ಸೊಸೆಯನ್ನು ಒಳಗೆ ಕರೆದುಕೊಳ್ಳುವಾಗ, ಸತ್ತವರಿಗೆ ಮಾತು ಮುಟ್ಟಿಸುವಾಗ ಅವಳ ಬಾಯಿಗೆ ಬೆಲೆ. ಅಪ್ಪ ಇಲ್ಲ, ಅಣ್ಣ ಇಲ್ಲ. ಈ ಮನೆಯ ಪರವಾಗಿ ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ. ಬಿಡೇ ಬಿಡೇ ಅಂತ ರೇಗಿಸಿದ್ದೆನೇ ಹೊರತು ಮನೆ ಮಗಳಾಗಿ ಅವಳಿಗೆ ಹೆಸರು ಹೇಳಲು ಒಂದು ಸಲವೂ ಅಪ್ಪಣೆ ಕೊಟ್ಟಿರಲಿಲ್ಲ.

ಸೊಂಟದ ಡಬ್ಬಿಯಿಂದ ಒಂದು ಚಿಟಿಕೆ ನಶ್ಯ ತೆಗೆದು ಅಪ್ಪನಿಗೆ ಅಂತ ಕಲ್ಲಿನ ಅಂಚಿಗೆ ಇಟ್ಟೆ. ಬೊಗಸೆಯಲ್ಲಿ ಒರತೆಯ ನೀರು ಹಿಡಿದು ಅವಳ ಮುಂದೆ ಬಂದೆ.

"ಏಳು ಮೇಲೆ," ಅಂದೆ.

"ಏನೇ ಇದು?"

"ಏಳು ಅಂದ್ನಲ್ಲ. ಬೆರಳ ಸಂದೀಲಿ ಸೋರ್ತಿದೆ." ಎದ್ದಳು. ನಾನು ಬೊಗಸೆಯನ್ನು ಅವಳ ಬಾಯಿಯ ಹತ್ತಿರ ಹಿಡಿದೆ. "ನಾನು ಸೆಬೊಲೆಲೊ, ಮೆತ್ಸಿಯ ಮಗಳು, ಈ ಮನೆಯ ಹೆಣ್ಣುಮಗಳು. ನಮ್ಮಪ್ಪನ ಪರವಾಗಿ ಹೇಳ್ತಿದೀನಿ. ನೀನು ಕೊಟ್ಟ ಮರ್ಯಾದೆ ಮುಟ್ಟಿದೆ. ತುಂಬಿ ಚೆಲ್ಲೋಷ್ಟು ಮುಟ್ಟಿದೆ. ಇನ್ಮೇಲೆ ಅವ್ರ ಹೆಸರು ನಿನ್ನದೂ ಹೌದು. ಕುಡಿ. ಕುಡಿದು ಹೇಳು."

ನನ್ನ ಬೊಗಸೆಗೇ ಬಾಯಿಟ್ಟು ಅವಳು ಕುಡಿದಳು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು.

"ಅಷ್ಟು ಹೇಳೋಕೆ ನಲವತ್ತೊಂದು ವರ್ಷ ಬೇಕಾಯ್ತಾ ನಿಂಗೆ?" ಅಂದಳು.

"ನೀನು ಯಾಕೆ ಕೇಳ್ಲಿಲ್ಲ?"

"ಕೇಳಿ ಇಸ್ಕೊಳ್ಳೋದಲ್ಲ ಅದು."

ನಾನು ಅವಳನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಅವಳು ನನ್ನ ಬೆನ್ನು ತಟ್ಟಿ, "ಸಾಕು, ಆ ಹುಡುಗಿ ಹೊಳೆ ದಾಟ್ಬೇಕು," ಅಂದಳು.

ಕೆನೆವೆಯನ್ನು ಕೂಗಿ ಕರೆದೆವು. ಅತ್ತಿಗೆ ತಲೆಯ ಬಟ್ಟೆ ಸರಿ ಮಾಡಿಕೊಂಡು ಒರತೆಯ ಪಕ್ಕ, ಆ ಕಲ್ಲಿನ ಮೇಲೆ ಕೈ ಇಟ್ಟು ನಿಂತಳು. "ನಾನು..." ಅಂದು ನಿಂತಳು. ಮಾತು ತುಟಿಯವರೆಗೆ ಬಂದು ವಾಪಸ್ ಹೋಗುವುದು ನನಗೇ ಕಾಣುತ್ತಿತ್ತು. ಮತ್ತೆ "ನಾನು..." ಅಂದಳು. ಕೆನೆವೆ ಫೋನು ಹಿಡಿದ ಕೈ ಅಲ್ಲಾಡಿಸದೆ ಕಾದಳು.

"ನಾನು ಮಾಮೆತ್ಸಿ," ಅಂದಳು ಅತ್ತಿಗೆ. ಅವಳ ಬಾಯಲ್ಲಿ ಆ ಹೆಸರು ಎಷ್ಟು ಮೆತ್ತಗೆ ಬಂತು ಅಂದರೆ, ನಾವೆಲ್ಲ ಇಷ್ಟು ವರ್ಷ ಅದನ್ನು ಒರಟಾಗಿ ಹೇಳುತ್ತಿದ್ದೆವು ಅನ್ನಿಸಿತು. "ನನ್ನ ಗಿಡಗಳಿಗೆ ಮೆತ್ಸಿಯವರ ಒರತೆಯ ಮೆತ್ಸಿ ಬಿಡ್ತೀನಿ. ಬಿಸಿಲಿಗಿಟ್ಟು ಬಿಡ್ತೀನಿ. ಈ ಕಲ್ಲು ನಮ್ಮ ಮಾವ ಮೆತ್ಸಿಯವರು ನನಗೋಸ್ಕರ ಇಟ್ಟಿದ್ದು. ಅವ್ರಿಗೆ ಹೇಳಿರ್ಲಿಲ್ಲ. ಈಗ ಹೇಳ್ತಿದೀನಿ."

"ಚೆನ್ನಾಗಿ ಬಂತು ಮ್ಮೆ. ಒಂದ್ಚೂರು ಉದ್ದ ಆಯ್ತು, ಕೊನೇದು ಕತ್ತರಿಸ್ಬೇಕಾಗುತ್ತೆ," ಅಂದಳು ಕೆನೆವೆ.

"ಕತ್ತರಿಸಿ ನೋಡು, ನಿನ್ನ ಕಿವಿ ಹಿಂಡಿ ಆ ಓಲೆ ಕಿತ್ಕೋತೀನಿ," ಅಂದೆ ನಾನು. ಕತ್ತರಿಸಲಿಲ್ಲ. ಇದ್ದ ಹಾಗೇ ಕಳಿಸಿದಳು.

ಏಪ್ರಿಲಿನಲ್ಲಿ ಕುಯ್ದು, ನೆರಳಿನಲ್ಲಿ ಒಣಗಿಸಿ, ಚೀಲ ಕಟ್ಟಿದೆವು. ಕಂಪನಿಯ ಗಾಡಿ ಬೆಳಿಗ್ಗೆ ಹತ್ತಕ್ಕೆ ರಸ್ತೆಗೆ ಬರುತ್ತೆ ಅಂದರು. ಅತ್ತಿಗೆ ಮದುವೆಮನೆಗೆ ಹೊದೆಯುವ ಕಂಬಳಿ ಹೊದ್ದು, ಹುಲ್ಲಿನ ಟೋಪಿ ಇಟ್ಟು ಹೊರಟಳು. ಕತ್ತೆಗಳ ಮೇಲೆ ಹೇರೋಣ ಅಂದರೆ ಒಂದು ಚೀಲ ಮಾತ್ರ ನಾನೇ ಹೊರುತ್ತೇನೆ ಅಂತ ತಲೆ ಮೇಲೆ ಇಟ್ಟುಕೊಂಡಳು. ಊರ ನಡುವಿನ ದಾರಿಯಲ್ಲಿ, ಎಲ್ಲರ ಬಾಗಿಲ ಮುಂದೆ, ಬೇಕಂತಲೇ ನಿಧಾನಕ್ಕೆ ನಡೆದಳು. ರಸ್ತೆಯಲ್ಲಿ ಕುದುರೆಯ ಮೇಲೆ ಪೊಲೀಸಿನವನು ಎದುರಾದ. ಹಿಂದೆ ನಮ್ಮ ಹೊಲ ಕಿತ್ತು ಸುಟ್ಟವನೇ, ಈಗ ಮೀಸೆ ಹಣ್ಣಾಗಿದೆ.

"ಏನದು ಮ್ಮೆ, ತಲೆ ಮೇಲೆ?" ಅಂದ.

"ಗಾಂಜಾ," ಅಂದಳು ಅತ್ತಿಗೆ. "ನಾನೇ ಬೆಳೆದಿದ್ದು."

ಅವನು ಬಗ್ಗಿ ಚೀಲದ ವಾಸನೆ ನೋಡಿದ. "ಚೆನ್ನಾಗಿ ಬಂದಿದೆ," ಅಂದು ಕುದುರೆಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಟ್ಟ.

ಮನೆಗೆ ಬಂದ ಮೇಲೆ ಅತ್ತಿಗೆ ಹೊರಗಿನ ಗೋಡೆಗೆ ಒರಗಿ, ಬಿಸಿಲಿಗೆ ಕಾಲು ಚಾಚಿ ಕೂತಳು. ಅಷ್ಟು ಖುಷಿಯ ಮುಖ ನಾನು ಅವಳಲ್ಲಿ ಮಗ ಹುಟ್ಟಿದಾಗಲೂ ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹೇಳಿದಳು.

"ಸೆಬೊ, ಒಂದು ಚೊಂಬು ಕುಡಿಯೋದು ಕೊಡೆ."

ನನಗೆ ರೇಗಿತು. "ಮತ್ತೆ ಅದೇ ರಾಗವಾ? ಬೊಗಸೆಯಲ್ಲಿ ಕುಡಿಸಿ ಅಪ್ಪಣೆ ಕೊಟ್ಟಿದ್ದು ಸುಮ್ನೇನಾ? ಬಾಯ್ತುಂಬ ಹೆಸರು ಹೇಳ್ಬಹುದಲ್ಲ ಈಗ."

"ಹೇಳ್ಬಹುದು," ಅಂದಳು ಅತ್ತಿಗೆ. "ಮೊದ್ಲು ಹೇಳೋ ಹಾಗಿರ್ಲಿಲ್ಲ, ಅದಕ್ಕೆ ಹೇಳ್ತಿರ್ಲಿಲ್ಲ. ಈಗ ಹೇಳ್ದೇ ಇರೋದು ನನ್ನಿಷ್ಟ."

ನಾನು ಎದ್ದು ಒಳಗೆ ಹೋಗಿ ಕುಡಿಯೋದು ತಂದುಕೊಟ್ಟೆ.